ಎರಡು ಹಳದಿ ದೀಪ, ಒಂದು ಭಾನುವಾರ

ನಮ್ಮ ಕಾರು 2013ರದು, ಪೆಟ್ರೋಲ್ ಗಾಡಿ. ಅಪ್ಪ ಕೊಂಡದ್ದು, ಈಗ ಹೆಚ್ಚಾಗಿ ನಾನೇ ಓಡಿಸುತ್ತೇನೆ. ಬಳ್ಳಾರಿಯಿಂದ ಸಂಡೂರು ಕಡೆ ನನ್ನ ಶಾಲೆಗೆ ಹೋಗುವ ದಾರಿ ಅದಿರು ಲಾರಿಗಳ ದಾರಿ. ಕುಡತಿನಿ, ತೋರಣಗಲ್ಲು ದಾಟುವಷ್ಟರಲ್ಲಿ ಬಿಳಿ ಕಾರು ಕೆಂಪಗಾಗಿರುತ್ತದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಇಂಥ ಧೂಳಲ್ಲಿ, ಇಂಥ ಬಿಸಿಲಲ್ಲಿ ಇಷ್ಟು ವರ್ಷ ಓಡಿದ ಗಾಡಿ ಯಾವತ್ತಾದರೂ ದೂರು ಹೇಳಲೇಬೇಕಲ್ವಾ? ಹೇಳಿತು. ಮೊದಲು ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡಿತು. ಅದರ ಹಿಂದೆಯೇ, ಬ್ರೇಕ್ ಒತ್ತಿದಾಗ ಗಾಲಿ ಲಾಕ್ ಆಗದಂತೆ ಕಾಯುವ ಎಬಿಎಸ್‌ನ ದೀಪ.

ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ನೋಡಿದರು. "ಆಕ್ಸಿಜನ್ ಸೆನ್ಸರ್ ಹೋಗೇತ್ರಿ ಮೇಡಂ, ಬದ್ಲಿ ಮಾಡ್ಬೇಕು" ಅಂದರು. ಸೈಲೆನ್ಸರ್ ದಾರಿಯ ಹೊಗೆಯಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡುವ ಸೆನ್ಸರ್ ಅದು. ಏಳೆಂಟು ಸಾವಿರದ ಮಾತು. ಹೇಗೆ ಗೊತ್ತಾಯಿತು ಅಂತ ಕೇಳಿದೆ. "ಕೋಡ್ ಹಂಗೇ ಬಂದೈತ್ರಿ" ಅಂದರು. ಕೋಡ್ ಪಿ 0171. ಅದನ್ನು ಬರೆದುಕೊಂಡು ಮನೆಗೆ ಬಂದೆ.

ಈ ಕೋಡ್‌ಗಳನ್ನು ಓದುವುದು ಕಷ್ಟವೇನಲ್ಲ. ಮೊದಲ ಅಕ್ಷರ ಪಿ ಆದರೆ ಎಂಜಿನ್ ಮತ್ತು ಗೇರ್ ಕಡೆಯದು. ಸಿ ಆದರೆ ಬ್ರೇಕ್, ಸ್ಟೀರಿಂಗ್ ಕಡೆಯದು. ಬಿ ಅಂದರೆ ಏರ್‌ಬ್ಯಾಗ್, ಎಸಿಯಂಥವು. ಯು ಅಂದರೆ ಗಾಡಿಯೊಳಗಿನ ಕಂಪ್ಯೂಟರ್‌ಗಳ ನಡುವಿನ ಮಾತುಕತೆ ಕೆಟ್ಟಿದೆ ಅಂತ. ಪಿ ಆದ ಮೇಲೆ ಸೊನ್ನೆ ಬಂದರೆ ಎಲ್ಲ ಕಂಪನಿಯ ಗಾಡಿಗೂ ಅರ್ಥ ಒಂದೇ. ಪಿ 0171 ಹೇಳುವುದು ಇಷ್ಟೇ: ಎಂಜಿನ್‌ಗೆ ಹೋಗುವ ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಜಾಸ್ತಿ, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ. ಸೆನ್ಸರ್ ಕೆಟ್ಟಿದೆ ಅಂತ ಇದರಲ್ಲಿ ಎಲ್ಲಿದೆ? ಗಾಳಿ ಜಾಸ್ತಿ ಆಗಿದೆ ಅಂತ ಸುದ್ದಿ ಕೊಟ್ಟದ್ದೇ ಆ ಸೆನ್ಸರ್. ಸುದ್ದಿ ತಂದವನನ್ನೇ ಕಿತ್ತು ಬಿಸಾಡುವ ಈ ರೂಢಿ ನನಗೆ ನಿಜವಾಗಿಯೂ ಸಿಟ್ಟು ತರಿಸುತ್ತದೆ. ದುಡ್ಡು ಹೋಗುತ್ತದೆ, ದೀಪ ಮತ್ತೆ ಬರುತ್ತದೆ.

ಅಪ್ಪ ಲೈನ್‌ಮನ್ ಆಗಿದ್ದವರು. ನಾನು ವಿಷಯ ಹೇಳಿದಾಗ ಅವರು ಅಂದದ್ದು: "ಕರೆಂಟ್ ಹೋತಂದ್ರ ಯಾರರ ಮೊದ್ಲು ಟ್ರಾನ್ಸ್‌ಫಾರ್ಮರ್ ಬದ್ಲಿ ಮಾಡ್ತಾರೇನವ್ವಾ? ಫ್ಯೂಸ್ ನೋಡ್ತಾರ, ಆಮ್ಯಾಲ ವೈರ್ ನೋಡ್ತಾರ." ಭಾನುವಾರ ಬೆಳಿಗ್ಗೆ ಒಗ್ಗರಣೆ-ಮಿರ್ಚಿ ತಿಂದು, ಬಿಸಿಲು ಏರುವ ಮೊದಲೇ ಇಬ್ಬರೂ ಕಾರಿನ ಮುಂದೆ ನಿಂತೆವು.

ನಮ್ಮ ದೇಶದಲ್ಲಿ ಬಿಎಸ್-4 ಅನ್ನುವ ಹೊಗೆ ಮಿತಿಯ ಕಾರುಗಳಿಗೆ 2013ರ ಏಪ್ರಿಲ್‌ನಿಂದ ಒಬಿಡಿ-2, ಅಂದರೆ ಗಾಡಿ ತನ್ನ ತೊಂದರೆಯನ್ನು ತಾನೇ ಗುರುತಿಸಿ ಕೋಡ್ ಬರೆದಿಡುವ ವ್ಯವಸ್ಥೆ, ಕಡ್ಡಾಯವಾಯಿತು. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಚುಚ್ಚುವ ಬ್ಲೂಟೂತ್ ಸ್ಕ್ಯಾನರ್ ಕಡಿಮೆ ಬೆಲೆಗೆ ಸಿಗುತ್ತದೆ, ಮೊಬೈಲ್‌ನಲ್ಲಿ ಒಂದು ಆಪ್ ಇದ್ದರೆ ಸಾಕು. ಸ್ಕ್ಯಾನರ್‌ಗೆ ಜೀವವೇ ಬರದಿದ್ದರೆ ಫ್ಯೂಸ್ ನೋಡಿ. ಎಷ್ಟೋ ಗಾಡಿಗಳಲ್ಲಿ ಸಿಗರೇಟ್ ಲೈಟರಿನ ಸಾಕೆಟ್‌ಗೂ ಇದಕ್ಕೂ ಒಂದೇ ಫ್ಯೂಸ್ ಇರುತ್ತದೆ.

ಸಿಕ್ಕ ತಕ್ಷಣ ಕೋಡ್ ಅಳಿಸಬಾರದು. ದೀಪ ಹೊತ್ತಿದ ಗಳಿಗೆಯಲ್ಲಿ ಎಂಜಿನ್ ಎಷ್ಟು ಸುತ್ತುತ್ತಿತ್ತು, ಎಷ್ಟು ಬಿಸಿ ಇತ್ತು, ಗಾಡಿ ಎಷ್ಟು ವೇಗದಲ್ಲಿತ್ತು ಅನ್ನುವುದನ್ನು ಕಂಪ್ಯೂಟರ್ ಹಿಡಿದಿಟ್ಟಿರುತ್ತದೆ. ಫ್ರೀಜ್ ಫ್ರೇಮ್ ಅನ್ನುತ್ತಾರೆ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ. ನಮ್ಮದರಲ್ಲಿ ವೇಗ ಸೊನ್ನೆ, ಎಂಜಿನ್ ಪೂರ್ತಿ ಬಿಸಿ, ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ, ಐಡ್ಲಿಂಗ್‌ನಷ್ಟೇ. ಅಂದರೆ ಗಾಡಿ ಎಲ್ಲೋ ಗೇಟಿನಲ್ಲೋ ಸಿಗ್ನಲ್‌ನಲ್ಲೋ ಸುಮ್ನೆ ನಿಂತಿದ್ದಾಗ ದೀಪ ಬಂದಿದೆ.

ಎಂಜಿನ್ ಚಾಲೂ ಮಾಡಿ, ಬಿಸಿಯಾಗಲು ಬಿಟ್ಟು, ಆಕ್ಸಿಜನ್ ಸೆನ್ಸರಿನ ವೋಲ್ಟೇಜ್ ನೋಡಿದೆವು. 0.1 ಮತ್ತು 0.9ರ ನಡುವೆ ಚಕಚಕ ಮೇಲೆ ಕೆಳಗೆ ಆಡುತ್ತಿತ್ತು. ಈ ನಮೂನೆಯ ಸೆನ್ಸರ್ ಕೆಟ್ಟರೆ ಒಂದೇ ಕಡೆ ಅಂಟಿಕೊಳ್ಳುತ್ತದೆ, ಇಲ್ಲವೇ ತೂಕಡಿಸುತ್ತದೆ. ಇದು ಆರೋಗ್ಯವಾಗಿಯೇ ಇತ್ತು.

ಆಮೇಲೆ ಫ್ಯೂಯೆಲ್ ಟ್ರಿಮ್. ಗಾಳಿಗೆ ಪೆಟ್ರೋಲ್ ಸಾಲದು ಅನಿಸಿದಾಗ ಕಂಪ್ಯೂಟರ್ ಎಷ್ಟು ಹೆಚ್ಚಿಗೆ ಸುರಿಯುತ್ತಿದೆ ಅನ್ನುವ ಲೆಕ್ಕ ಅದು. ಶೇ. 10ರ ಒಳಗಿದ್ದರೆ ಚಿಂತೆಯಿಲ್ಲ. ನಮ್ಮದು ಐಡ್ಲಿಂಗ್‌ನಲ್ಲಿ ಶೇ. 20 ದಾಟಿತ್ತು. ಅಪ್ಪ ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಹಿಡಿದರು. ಅಂಕಿ ಇಳಿಯುತ್ತಾ ಇಳಿಯುತ್ತಾ ಐದಾರಕ್ಕೆ ಬಂತು. ಆಗ ನನಗಾದ ಖುಷಿ ಹೇಳಲಾರೆ. ಯಾಕೆ ಅಂದರೆ ಈ ಇಳಿತವೇ ಅರ್ಧ ಉತ್ತರ. ಪೆಟ್ರೋಲ್ ಪಂಪ್ ಸೋತಿದ್ದರೆ ಎಂಜಿನ್ ಜೋರಾದಂತೆ ಕೊರತೆ ಹೆಚ್ಚಬೇಕಿತ್ತು. ಇಲ್ಲಿ ಉಲ್ಟಾ. ನಮ್ಮ ಗಾಡಿಯಲ್ಲಿ ಗಾಳಿ ಅಳೆಯುವ ಸೆನ್ಸರ್ ಏರ್ ಫಿಲ್ಟರ್ ಪಕ್ಕದಲ್ಲಿದೆ. ಅದನ್ನು ದಾಟಿದ ಮೇಲೆ ಎಲ್ಲಾದರೂ ಸಣ್ಣ ತೂತು ಇದ್ದರೆ, ಅಲ್ಲಿಂದ ನುಗ್ಗುವ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ. ಗಾಡಿ ನಿಂತಾಗ ಎಂಜಿನ್‌ಗೆ ಬೇಕಾಗುವ ಗಾಳಿಯೇ ಕಡಿಮೆ, ಒಳಗಿನ ಸೆಳೆತ ಜಾಸ್ತಿ. ಹಾಗಾಗಿ ಕಳ್ಳಗಾಳಿಯ ಪಾಲು ದೊಡ್ಡದಾಗುತ್ತದೆ. ಎಂಜಿನ್ ಜೋರಾದಾಗ ಅದೇ ತೂತು ಲೆಕ್ಕಕ್ಕೇ ಬರುವುದಿಲ್ಲ.

ತೂತು ಹುಡುಕಲು ಮೊಳದುದ್ದದ ಒಂದು ಪೈಪಿನ ತುಂಡು ಸಾಕಾಯಿತು. ಒಂದು ತುದಿ ಕಿವಿಗೆ, ಇನ್ನೊಂದು ತುದಿಯನ್ನು ಎಂಜಿನ್ ಮೇಲಿನ ಪೈಪುಗಳ ಹತ್ತಿರ ಆಡಿಸುತ್ತಾ ಹೋದೆ. ದುಪಟ್ಟಾ ತೆಗೆದಿಟ್ಟು, ಕೂದಲು ಕಟ್ಟಿಕೊಂಡೇ ಈ ಕೆಲಸಕ್ಕೆ ಇಳಿಯಬೇಕು. ಫ್ಯಾನ್ ಯಾವಾಗ ತಿರುಗಲು ಶುರುಮಾಡುತ್ತದೆ ಅಂತ ಹೇಳಲಾಗದು, ಬೆಲ್ಟ್ ಅಂತೂ ತಿರುಗುತ್ತಲೇ ಇರುತ್ತದೆ. ಎಂಜಿನ್ನಿನ ಎಣ್ಣೆ ಹೊಗೆಯನ್ನು ಮತ್ತೆ ಒಳಕ್ಕೆ ಕಳಿಸುವ ಪಿಸಿವಿ ಪೈಪಿನ ಬಳಿ ಬಂದಾಗ ಕಿವಿಯಲ್ಲಿ ಸುಯ್ ಅಂತ ಶಬ್ದ. ಪೈಪ್ ಬಾಗುವ ಕಡೆ, ಕಣ್ಣಿಗೆ ಕಾಣದ ಕೆಳಭಾಗದಲ್ಲಿ ರಬ್ಬರ್ ಒಣಗಿ ಬಿರುಕು ಬಿಟ್ಟಿತ್ತು. ಬೆರಳಿಂದ ಬಿರುಕು ಮುಚ್ಚಿ ಹಿಡಿದೆ. ಎಂಜಿನ್ ಸದ್ದು ಬದಲಾಯಿತು, ಅಪ್ಪನ ಕೈಯಲ್ಲಿದ್ದ ಮೊಬೈಲ್‌ನಲ್ಲಿ ಅಂಕಿ ಇಳಿಯಿತು. "ಸಿಕ್ತು ನೋಡವ್ವ!" ಅಂತ ಅವರು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

ಕೌಲ್ ಬಜಾರ್ ಕಡೆಯ ಸ್ಪೇರ್ ಅಂಗಡಿಯಲ್ಲಿ ಅದೇ ಅಳತೆಯ ಪೈಪ್ ಸಿಕ್ಕಿತು, ಇನ್ನೂರು ರೂಪಾಯಿ ಒಳಗೆ. ಇಲ್ಲಿ ಒಂದು ಎಚ್ಚರ. ನೀರಿನ ಪೈಪ್ ಕತ್ತರಿಸಿ ಹಾಕಿದರೆ ಕೆಲವು ತಿಂಗಳಲ್ಲಿ ಎಣ್ಣೆ ಹೊಗೆಗೆ ಅದು ಉಬ್ಬಿ ಮೆತ್ತಗಾಗುತ್ತದೆ. ಎಣ್ಣೆ ತಡೆಯುವ ರಬ್ಬರೇ ಬೇಕು.

ಎಬಿಎಸ್ ದೀಪದ ಕೋಡ್ ನನ್ನ ಸಣ್ಣ ಸ್ಕ್ಯಾನರ್‌ಗೆ ಸಿಗಲಿಲ್ಲ. ಇಂಥವು ಸಾಮಾನ್ಯವಾಗಿ ಎಂಜಿನ್ ಕೋಡ್ ಮಾತ್ರ ಓದುತ್ತವೆ. ಅಪ್ಪನ ಹಳೆಯ ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ, ನಾನು ಚಾಚಾ ಅನ್ನುತ್ತೇನೆ. ಅವರು ದೊಡ್ಡ ಸ್ಕ್ಯಾನರ್ ತಂದು ನೋಡಿ, "ಮುಂದಿನ ಎಡಗಾಲಿ ಸೆನ್ಸರ್ ಬೇಟಿ" ಅಂದರು. ಎಬಿಎಸ್ ದೀಪ ಒಂದೇ ಹೊತ್ತಿದ್ದರೆ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತದೆ, ಜೋರಾಗಿ ಒತ್ತಿದಾಗ ಗಾಲಿ ಲಾಕ್ ಆಗದಂತೆ ಕಾಯುವ ಸೌಲಭ್ಯ ಮಾತ್ರ ಇರುವುದಿಲ್ಲ. ಜೊತೆಗೆ ಕೆಂಪು ಬ್ರೇಕ್ ದೀಪವೂ ಬಂದರೆ ಗಾಡಿ ಓಡಿಸಲೇಬಾರದು.

ಸಮತಟ್ಟು ಜಾಗದಲ್ಲಿ ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಕೆಳಗೆ ಸ್ಟ್ಯಾಂಡ್ ಇಟ್ಟೆವು. ಬರೀ ಜಾಕ್ ನಂಬಬಾರದು. ನಮ್ಮ ಗಾಡಿಯದು ಹಳೆಯ ನಮೂನೆಯ ಸೆನ್ಸರ್: ಒಂದು ಅಯಸ್ಕಾಂತ, ಅದರ ಸುತ್ತ ತಂತಿ ಸುರುಳಿ. ಎದುರಿಗೆ ಹಲ್ಲಿನ ಉಂಗುರ ತಿರುಗಿದರೆ ಅದರಲ್ಲೇ ಕರೆಂಟ್ ಹುಟ್ಟುತ್ತದೆ. ಮಲ್ಟಿಮೀಟರನ್ನು ಎಸಿ (ಪರ್ಯಾಯ ವಿದ್ಯುತ್) ವೋಲ್ಟಿಗಿಟ್ಟು ಅಪ್ಪ ಬಲಗಾಲಿಯನ್ನು ಕೈಯಿಂದ ತಿರುಗಿಸಿದರು. ಮೀಟರ್ ಏರಿತು. "ಇದು ಡೈನಮೋ ಅಲ್ಲೇನು!" ಅಂತ ಮತ್ತೆ ಮತ್ತೆ ತಿರುಗಿಸಿದರು. ಎಡಗಾಲಿಯಲ್ಲಿ ಅಷ್ಟೇ ಜೋರಾಗಿ ತಿರುಗಿಸಿದರೂ ಮೀಟರ್ ಏಳಲೇ ಇಲ್ಲ. ಆದರೆ ಸುರುಳಿಯ ಓಮ್ (ವಿದ್ಯುತ್ ತಡೆ) ಅಳೆದರೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಸುರುಳಿ ತುಂಡಾಗಿಲ್ಲ, ಮಧ್ಯದಲ್ಲಿ ಏನೋ ಅಡ್ಡ ಬಂದಿದೆ.

ಬೋಲ್ಟ್ ತುಕ್ಕು ಹಿಡಿದಿತ್ತು. ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾದೆವು. ಸೆನ್ಸರನ್ನು ಮೀಟಿ ಎಬ್ಬಿಸಿದರೆ ಪ್ಲಾಸ್ಟಿಕ್ ಮುರಿಯುತ್ತದೆ, ಆ ಕಡೆ ಈ ಕಡೆ ತಿರುಗಿಸುತ್ತಾ ನಿಧಾನಕ್ಕೆ ತೆಗೆಯಬೇಕು. ಹೊರಬಂದಾಗ ತುದಿಗೆ ಕಪ್ಪು ಮೆತ್ತೆ ಅಂಟಿತ್ತು. ಪಕ್ಕದ ಮನೆಯವರು ನೋಡಿ, "ಅದಿರು ಧೂಳ್ ರೀ ಅದು, ಕಬ್ಬಿಣ ಅಲ್ವಾ" ಅಂದರು. ನನಗೂ ಕುತೂಹಲ. ಒಂದು ಅಯಸ್ಕಾಂತ ತಂದು ಮಡ್‌ಗಾರ್ಡಿನ ಕೆಂಪು ಧೂಳಿಗೆ ಹಿಡಿದೆ. ಹಿಡಿಯಲಿಲ್ಲ. ನಮ್ಮ ಕಡೆಯ ಅದಿರು ಹೆಚ್ಚಾಗಿ ಹೆಮಟೈಟ್. ಅದರಲ್ಲಿ ಕಬ್ಬಿಣ ಎಷ್ಟಿದ್ದರೂ ಸಾಮಾನ್ಯ ಅಯಸ್ಕಾಂತಕ್ಕೆ ಸುಲಭವಾಗಿ ಅಂಟುವುದಿಲ್ಲ. ಕಪ್ಪು ಪುಡಿಯಾದರೋ ಮೀಸೆಯ ಹಾಗೆ ಎದ್ದು ಅಂಟಿಕೊಂಡಿತು. ಅದು ಬ್ರೇಕ್ ಡಿಸ್ಕ್ ಸವೆದು ಬಂದ ಪುಡಿ. ಸೋಮವಾರ ಎಂಟನೇ ತರಗತಿ ಮಕ್ಕಳಿಗೆ ಎರಡನ್ನೂ ಕಾಗದದಲ್ಲಿ ಕಟ್ಟಿಕೊಂಡು ಹೋಗಿ ತೋರಿಸಿದೆ.

ಬಟ್ಟೆಯಲ್ಲಿ ತುದಿ ಒರೆಸಿ, ಹಳೆಯ ಬ್ರಷ್‌ನಿಂದ ಉಂಗುರದ ಹಲ್ಲುಗಳ ಸಂದಿ ತಿಕ್ಕಿ, ಮತ್ತೆ ಕೂರಿಸಿದೆವು. ಎಡಗಾಲಿಯೂ ಬಲಗಾಲಿಯಷ್ಟೇ ವೋಲ್ಟ್ ಕೊಟ್ಟಿತು. ಸಂಜೆ ಹೊಸಪೇಟೆ ರಸ್ತೆಗೆ ಇಳಿದು ವೇಗ ಹಿಡಿದ ಸ್ವಲ್ಪ ಹೊತ್ತಿಗೇ ಎಬಿಎಸ್ ದೀಪ ಆರಿತು. ಎಂಜಿನ್ ಕೋಡನ್ನು ಬೆಳಿಗ್ಗೆಯೇ ಅಳಿಸಿದ್ದೆ, ಅದು ಮತ್ತೆ ಬರಲಿಲ್ಲ. ಟ್ರಿಮ್ ಎರಡು ಮೂರಕ್ಕೆ ಬಂದು ನಿಂತಿದೆ.

ಇಷ್ಟಾದರೂ ಎಲ್ಲಕ್ಕೂ ನಾನು ಕೈ ಹಾಕುವುದಿಲ್ಲ. ಏರ್‌ಬ್ಯಾಗ್ ದೀಪ ಬಂದರೆ ಹಳದಿ ಕನೆಕ್ಟರ್‌ಗಳನ್ನು ಮುಟ್ಟುವುದಿಲ್ಲ. ಮಲ್ಟಿಮೀಟರಿನ ಸಣ್ಣ ಕರೆಂಟಿಗೂ ಬ್ಯಾಗ್ ಸಿಡಿಯಬಹುದು, ಅದು ಕಲಿತವರ ಕೆಲಸ. ಆಯಿಲ್ ಕೆಂಪು ದೀಪ ಬಂದರೆ ಹುಡುಕಾಟವಿಲ್ಲ, ನಿಂತಲ್ಲೇ ಎಂಜಿನ್ ಆಫ್. ಎಂಜಿನ್ ದೀಪ ಮಿಣುಕುತ್ತಿದ್ದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತಿದೆ ಅಂತ. ಆಗಲೂ ಬದಿಗೆ ನಿಲ್ಲಿಸಬೇಕು.

ಈಗ ನಮ್ಮ ಶಾಲೆಯ ಮೇಷ್ಟ್ರೊಬ್ಬರು ಹಳೇ ಕಾರು ಕೊಳ್ಳಲು ಹೊರಟಿದ್ದಾರೆ. ಒಂದು ಗಾಡಿ ನೋಡಲು ನನ್ನನ್ನೂ ಕರೆದುಕೊಂಡು ಹೋದರು. ಡ್ಯಾಶ್‌ಬೋರ್ಡ್ ಬಹಳ ಶುದ್ಧವಾಗಿತ್ತು, ಒಂದು ದೀಪವೂ ಇಲ್ಲ. ಕೀ ಆಫ್ ಮಾಡಿಸಿ, ಸ್ಟಾರ್ಟ್ ಮಾಡದೆ ಬರೀ ಆನ್ ಮಾಡಿಸಿದೆ. ಆಗ ಎಲ್ಲ ದೀಪ ಒಮ್ಮೆ ಹೊತ್ತಬೇಕು. ಆಯಿಲ್ ಬಂತು, ಬ್ಯಾಟರಿ ಬಂತು, ಎಂಜಿನ್ ದೀಪ ಬರಲೇ ಇಲ್ಲ. ಯಾರೋ ದೀಪವನ್ನೇ ತೆಗೆದಿದ್ದರು. ಸ್ಕ್ಯಾನರ್ ಚುಚ್ಚಿದರೆ ಒಳಗೆ ಕೋಡ್‌ಗಳ ಸಾಲು. ಮೇಷ್ಟ್ರು ಮುಂಗಡ ಕೊಡದೆ ಬಂದರು. ಮುಂದಿನ ಭಾನುವಾರ ಸಿರುಗುಪ್ಪದಲ್ಲಿ ಇನ್ನೊಂದು ಗಾಡಿ ನೋಡುವುದಿದೆ, ಸ್ಕ್ಯಾನರ್ ಈಗಲೇ ಕೇಳಿ ಇಸಿದುಕೊಂಡಿದ್ದಾರೆ.