ಅಪ್ಪನ ಪದ್ಮಿನಿ: ಪೆಟ್ರೋಲ್ ಪೈಪು ಬದಲಾಯಿಸಿದ್ದು

ಮೊದಲ ಶನಿವಾರ

ಒಂದು ತಿಂಗಳಿಂದ ಶೆಡ್ಡಿನ ಬಾಗಿಲು ತೆಗೆದರೆ ಸಾಕು, ಪೆಟ್ರೋಲ್ ವಾಸನೆ ಮೂಗಿಗೆ ಬಡಿಯುತ್ತಿತ್ತು. ನೆಲದ ಮೇಲೆ ಮಾತ್ರ ಒಂದು ಹನಿಯೂ ಇಲ್ಲ. ಗಾಡಿ ಅಪ್ಪನ 1985ರ ಪ್ರೀಮಿಯರ್ ಪದ್ಮಿನಿ. ಆರ್‌ಸಿ ಪುಸ್ತಕದಲ್ಲಿ ಪದ್ಮಿನಿ ಅಂತಿದ್ದರೂ ಮನೆಯಲ್ಲಿ ಎಲ್ಲರೂ ಇವತ್ತಿಗೂ ಫಿಯೆಟ್ ಅಂತಲೇ ಕರೆಯುತ್ತಾರೆ.

ಬಾನೆಟ್ ಎತ್ತಿ ನೋಡಿದೆ. ಎಸಿ ಪಂಪಿನಿಂದ (ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಕೊಡುವ ಪಂಪು) ಕಾರ್ಬೊರೇಟರ್‌ಗೆ ಹೋಗುವ ರಬ್ಬರ್ ಪೈಪು ನೋಡೋಕೆ ಚೆನ್ನಾಗಿಯೇ ಇತ್ತು. ಬೆರಳಲ್ಲಿ ಸ್ವಲ್ಪ ಬಗ್ಗಿಸಿದೆ ಅಷ್ಟೇ, ಕ್ಲಿಪ್ಪಿನ ಪಕ್ಕದಲ್ಲಿ ಬತ್ತಿದ ಕೆರೆಯ ಅಂಗಳದ ಹಾಗೆ ಬಿರುಕು ಬಾಯಿ ಬಿಟ್ಟವು. ಅದರ ಕೆಳಗೇ ಬಿಸಿ ಎಂಜಿನ್. ಮೈ ಜುಮ್ ಅಂತು. ಅವತ್ತೇ ಬ್ಯಾಟರಿಯ ಮೈನಸ್ ವೈರ್ ಕಳಚಿಟ್ಟೆ.

ಭಾನುವಾರ

ಶೆಡ್ಡಿನಿಂದ ಗಾಡಿಯನ್ನು ತಳ್ಳಿ ಹೊರಗೆ ತಂದೆವು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಮುಚ್ಚಿದ ಜಾಗದಲ್ಲಿ ನೆಲದ ಮಟ್ಟದಲ್ಲೇ ನಿಂತುಬಿಡುತ್ತೆ. ಈ ಕೆಲಸ ಬಯಲಲ್ಲೇ ಮಾಡಬೇಕು, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ.

ಹಳೇ ಪೈಪು ಎಳೆದರೆ ಬರಲಿಲ್ಲ. ಜೋರು ಮಾಡಿದರೆ ಕಾರ್ಬೊರೇಟರ್‌ನ ಮೂತಿ ಮುರಿಯುತ್ತೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಸಿಪ್ಪೆ ಸುಲಿದ ಹಾಗೆ ಬಿಡಿಸಿದೆ. ಆಮೇಲೆ ಬಿಚ್ಚಿ ಒಳಗೆ ನೋಡಿದೆ. ಹೊರಗೆ ಗಟ್ಟಿ, ಒಳಗೆ ಮೆತ್ತಗೆ ಊದಿಕೊಂಡಿತ್ತು. ಬೆರಳು ಆಡಿಸಿದರೆ ಕಾಡಿಗೆ ಹಾಗೆ ಮೆತ್ತಿಕೊಂಡಿತು. ಫಿಲ್ಟರ್‌ನಲ್ಲಿ ಸಿಗುತ್ತಿದ್ದ ಕಪ್ಪು ಚೂರುಗಳನ್ನು ನಾನು ಇಷ್ಟು ದಿನ ಟ್ಯಾಂಕಿನ ತುಕ್ಕು ಅಂದುಕೊಂಡಿದ್ದೆ. ಉಜ್ಜಿ ನೋಡಿ, ತುಕ್ಕು ಮರಳಿನ ಹಾಗೆ ಕರಕರ ಅನ್ನುತ್ತೆ. ರಬ್ಬರ್ ಮಸಿಯ ಹಾಗೆ ಹರಡುತ್ತೆ.

ವಯಸ್ಸಿನ ಜೊತೆಗೆ ಎಥನಾಲ್ ಕೂಡ ಇದಕ್ಕೆ ಕಾರಣ. ಈ ಗಾಡಿ ಬಂದ ಕಾಲದ ನೈಟ್ರೈಲ್ ರಬ್ಬರ್ ಬರೀ ಪೆಟ್ರೋಲಿಗೆ ಮಾಡಿದ್ದು. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಇ20 ಬಿಡುಗಡೆ ಆಯಿತು. ಅಂದರೆ ನೂರಕ್ಕೆ 20 ಪಾಲು ಎಥನಾಲ್. ಈಗ ಬಂಕ್‌ಗಳಲ್ಲಿ ಸಿಗೋದು ಬಹುತೇಕ ಅದೇ. ಹಳೇ ರಬ್ಬರ್ ಅದನ್ನು ಹೀರಿ ಊದುತ್ತೆ, ಗಾಡಿ ನಿಂತು ಒಣಗಿದಾಗ ಬಿರಿಯುತ್ತೆ.

ವಾರದ ನಡುವೆ, ಜೆ.ಸಿ. ರಸ್ತೆ

ಹೊಸ ಪೈಪು ಹುಡುಕಿ ಹೋದದ್ದು ಬೆಂಗಳೂರಿನ ಈ ಬಿಡಿಭಾಗಗಳ ಬೀದಿಗೆ. ಮೊದಲು ಹೋದ ಅಂಗಡಿಯಲ್ಲಿ ಪೈಪಿನ ಒಂದು ಸುರುಳಿ ಮುಂದಿಟ್ಟು, "ಎಲ್ಲಾ ಗಾಡಿಗೂ ಇದೇ ಹಾಕ್ತಾರೆ ಸಾರ್" ಅಂದರು. ಮೇಲೆ ಒಂದು ಅಕ್ಷರವೂ ಇಲ್ಲ. ಬೇಡ ಅಂದೆ. ಪೈಪಿನ ಮೈಮೇಲೆ ಅಚ್ಚಾಗಿರುವುದನ್ನು ಓದಿಯೇ ತಗೊಳ್ಳಿ. ನಾನು ಹುಡುಕಿದ್ದು ಎಸ್‌ಎಇ ಜೆ30 ಆರ್9, ಅಂದರೆ ಪೆಟ್ರೋಲ್ ಪೈಪಿನ ಗುಣಮಟ್ಟದ ಒಂದು ದರ್ಜೆ. ಒಳಪದರ ಫ್ಲೋರೋ ರಬ್ಬರ್, ಎಥನಾಲ್ ತಡೆಯುತ್ತೆ, ವಾಸನೆಯನ್ನೂ ಅಷ್ಟಾಗಿ ಹೊರಗೆ ಬಿಡಲ್ಲ. ಆರ್6, ಆರ್7 ಅಂತಲೂ ಸಿಗುತ್ತವೆ, ಆದರೆ ಅವುಗಳ ಒಳಗೆ ಸಾಮಾನ್ಯವಾಗಿ ಮತ್ತದೇ ನೈಟ್ರೈಲ್. ಬೆಲೆ ಜಾಸ್ತಿ ಆಯಿತು, ಆದರೆ ಇಲ್ಲಿ ಉಳಿಸುವ ದುಡ್ಡು ನನಗೆ ಬೇಡ. ಅಳತೆಗೆ ಹಳೇ ತುಂಡು ನಂಬಬೇಡಿ, ಅದು ಊದಿರುತ್ತೆ. ಲೋಹದ ಪೈಪಿಗೇ ವರ್ನಿಯರ್ (ದಪ್ಪ ಅಳೆಯುವ ಉಪಕರಣ) ಹಿಡಿಯಿರಿ.

ಕ್ಲಿಪ್ಪನ್ನೂ ಬದಲಾಯಿಸಿದೆ. ಪಟ್ಟಿಯಲ್ಲಿ ಸೀಳು ಇರುವ ಮಾಮೂಲಿ ಕ್ಲಿಪ್ ತೆಳು ರಬ್ಬರನ್ನು ಕಚ್ಚಿ ಕತ್ತರಿಸುತ್ತೆ. ಅಂಚು ಮೇಲಕ್ಕೆ ಮಡಚಿರುವ, ಸಣ್ಣ ಬೋಲ್ಟ್ ಇರುವಂಥದ್ದು ಸಿಕ್ಕಿತು.

ಎರಡನೇ ಶನಿವಾರ

ಎಂಜಿನ್ ಕಡೆಯ ಎರಡೂ ಪೈಪು ಹಾಕಿದ್ದು ಅರ್ಧ ಗಂಟೆ ಕೆಲಸ. ಮುಗಿಯಿತು ಅಂತ ಕೈ ಒರೆಸುತ್ತಿದ್ದೆ. ಕುರ್ಚಿ ಹಾಕಿಕೊಂಡು ನೋಡುತ್ತಿದ್ದ ಅಪ್ಪ ಕೇಳಿದರು: "ಹಿಂದ್ಗಡೆ ಟ್ಯಾಂಕ್ ಹತ್ರ ಒಂದಿದೆ, ನೋಡ್ದೇನೋ?"

ನೋಡಿರಲಿಲ್ಲ. ಹಿಂಭಾಗ ಎತ್ತಿ, ಜಾಕ್ ಜೊತೆಗೆ ಸ್ಟ್ಯಾಂಡೂ ಕೊಟ್ಟು ಕೆಳಗೆ ನುಸುಳಿದೆ. ಟ್ಯಾಂಕಿಗೂ ಲೋಹದ ಪೈಪಿಗೂ ನಡುವೆ ಗೇಣುದ್ದದ ಒಂದು ತುಂಡು. ಮೇಲೆ ಬಟ್ಟೆಯ ನೇಯ್ಗೆ, ಅದರ ಮೇಲೆ ವರ್ಷಗಳ ಮಣ್ಣು. ಗಾಡಿ ಬಂದಾಗಿನಿಂದ ಅದನ್ನು ಬಿಚ್ಚಿಸಿದ ನೆನಪೇ ಇಲ್ಲ ಅಂದರು ಅಪ್ಪ. ಮಣ್ಣು ಕೆರೆದರೆ ನೇಯ್ಗೆ ಒದ್ದೆ. ಜಿನುಗಿದ ಪೆಟ್ರೋಲನ್ನು ಬಟ್ಟೆ, ಮಣ್ಣು ಎರಡೂ ಸೇರಿ ಹೀರಿಕೊಂಡು ಆವಿಯಾಗಿಸುತ್ತಿದ್ದವು. ನೆಲದ ಮೇಲೆ ಹನಿ ಕಾಣದಿದ್ದದ್ದು ಅದಕ್ಕೇ.

ಅದನ್ನೂ ತೆಗೆದು ಹೊಸದು ಹಾಕಿದೆ. ಆಮೇಲೆ ಪಂಪಿನ ಕೈ ಲಿವರ್ ಒತ್ತುತ್ತಾ ಪೆಟ್ರೋಲ್ ಏರಿಸಿದೆ. ಒತ್ತಡ ಬಿದ್ದ ಮೇಲೆ ಒಂದೊಂದು ಜಾಯಿಂಟನ್ನೂ ಕೈಯಿಂದ ಮುಟ್ಟಿ ನೋಡಿ, ಒಣಗಿದೆ ಅಂತ ಖಾತ್ರಿ ಆದ ಮೇಲೇ ಬ್ಯಾಟರಿ ಜೋಡಿಸಿದೆ. ಎರಡನೇ ಸಲ ಸೆಲ್ಫ್ ಹೊಡೆದಾಗ ಸ್ಟಾರ್ಟ್ ಆಯಿತು. ಹತ್ತು ನಿಮಿಷ ಓಡಿಸಿ, ಆಫ್ ಮಾಡಿ, ಎಂಜಿನ್ ಆರಿದ ಮೇಲೆ ಪ್ರತಿ ಜಾಯಿಂಟಿಗೂ ಟಿಶ್ಯೂ ಸುತ್ತಿಟ್ಟೆ.

ಭಾನುವಾರ, ಬೆಳಿಗ್ಗೆ

ಶೆಡ್ ತೆಗೆದೆ. ಟಿಶ್ಯೂ ಎಲ್ಲಾ ಒಣಗಿವೆ. ಮೂಗಿಗೆ ಬಂದದ್ದು ಹಳೇ ಸೀಟಿನ ವಾಸನೆ ಮಾತ್ರ. ಮುಂದಿನ ವಾರ ಎಸಿ ಪಂಪ್ ಬಿಚ್ಚುತ್ತೇನೆ. ಅದರೊಳಗೆ ಪೆಟ್ರೋಲ್ ಎಳೆಯುವ ಪೊರೆ, ಡಯಾಫ್ರಮ್ಮೂ, ಹಳೇ ರಬ್ಬರೇ ಅಲ್ವಾ?