ಹಡಗು ಹತ್ತುವ ಹಿಂದಿನ ರಾತ್ರಿ ಎಲ್ಲಿ ಉಳಿಯಬೇಕು?

‘ರೋಮ್‌ನಿಂದ ಏಳು ರಾತ್ರಿಯ ಕ್ರೂಸ್’ ಎಂದು ಓದಿ ಟಿಕೆಟ್ ಮಾಡಿಸಿದವರು ಹಡಗು ಹತ್ತುವುದು ರೋಮ್‌ನಿಂದ ಸುಮಾರು 70 ಕಿಲೋಮೀಟರ್ ಆಚೆಯ ಚಿವಿಟಾವೆಕಿಯಾ ಬಂದರಿನಲ್ಲಿ. ಲಂಡನ್ ಕ್ರೂಸ್ ಎಂದರೆ ಹೆಚ್ಚಾಗಿ ಸೌತಾಂಪ್ಟನ್, ಕೆಲವೊಮ್ಮೆ ಡೋವರ್ ಅಥವಾ ಟಿಲ್ಬರಿ. ಪ್ಯಾರಿಸ್ ಎಂದು ಬರೆದಿದ್ದರೆ ಲ ಆವ್ರ್, ಹತ್ತಿರ ಹತ್ತಿರ 200 ಕಿ.ಮೀ. ಬರ್ಲಿನ್ ಎಂದಿದ್ದರೆ ವಾರ್ನೆಮ್ಯೂಂಡೆ, ಅದು ಇನ್ನೂ ದೂರ. ವೆನಿಸ್‌ನಲ್ಲಿ 2021ರ ಆಗಸ್ಟ್ 1ರಿಂದ ದೊಡ್ಡ ಹಡಗುಗಳು ಊರೊಳಗಿನ ಜುಡೆಕ್ಕಾ ಕಾಲುವೆಗೆ ಬರುವಂತಿಲ್ಲ. ಕೆಲವು ಎದುರು ದಡದ ಮಾರ್ಗೇರಾದಲ್ಲಿ ನಿಲ್ಲುತ್ತವೆ, ಕೆಲವು ಬೇರೆ ಊರುಗಳಾದ ಟ್ರಿಯೆಸ್ಟೆ ಅಥವಾ ರವೆನ್ನಾದಿಂದಲೇ ಹೊರಡುತ್ತವೆ. ಜಾಹೀರಾತಿನಲ್ಲಿ ಮಾತ್ರ ವೆನಿಸ್ ಹೆಸರು ಹಾಗೇ ಉಳಿದುಕೊಂಡಿರುತ್ತದೆ.

ಹಾಗಾಗಿ ಹೋಟೆಲ್ ಹುಡುಕುವ ಮೊದಲು ಬೇಕಾದದ್ದು ಟರ್ಮಿನಲ್ಲಿನ, ಅಂದರೆ ಬಂದರಿನೊಳಗೆ ಹಡಗು ಹತ್ತಿಸುವ ಕಟ್ಟಡದ ಹೆಸರು. ಬಂದರಿನ ಹೆಸರಷ್ಟೇ ಗೊತ್ತಿದ್ದರೆ ಸಾಲದು. ಸಿಂಗಪುರದಲ್ಲಿ ಎರಡು ಕಡೆ ಹಡಗು ಹತ್ತಿಸುತ್ತಾರೆ: ಮರೀನಾ ಬೇ ಕ್ರೂಸ್ ಸೆಂಟರ್ ಮತ್ತು ಹಾರ್ಬರ್‌ಫ್ರಂಟ್. ಎರಡಕ್ಕೂ ಮೆಟ್ರೋ ಇದೆ, ಆದರೆ ಬೇರೆ ಬೇರೆ ಮಾರ್ಗ. ನ್ಯೂಯಾರ್ಕ್‌ನಲ್ಲಿ ಮೂರು: ಮ್ಯಾನ್‌ಹಟನ್‌ನ ಪಶ್ಚಿಮ ದಂಡೆ, ಬ್ರೂಕ್ಲಿನ್‌ನ ರೆಡ್ ಹುಕ್, ಮತ್ತು ನ್ಯೂಜೆರ್ಸಿಯ ಕೇಪ್ ಲಿಬರ್ಟಿ. ಮೂರನೆಯದಕ್ಕೆ ಹೋಗುವವರು ಟೈಮ್ಸ್ ಸ್ಕ್ವೇರ್ ಪಕ್ಕದಲ್ಲಿ ರೂಮು ಮಾಡಿದರೆ ಬೆಳಿಗ್ಗೆ ನದಿ ದಾಟಿ ಇನ್ನೊಂದು ರಾಜ್ಯಕ್ಕೆ ಹೋಗಬೇಕು. ನ್ಯೂಆರ್ಕ್ ವಿಮಾನ ನಿಲ್ದಾಣದ ಬಳಿಯ ಸಾದಾ ಹೋಟೆಲ್ಲೇ ಅವರಿಗೆ ಅನುಕೂಲ. ಸಿಡ್ನಿಯಲ್ಲಿ ಹಡಗಿನ ಎತ್ತರವೇ ಟರ್ಮಿನಲ್ ತೀರ್ಮಾನಿಸುತ್ತದೆ. ಹಾರ್ಬರ್ ಬ್ರಿಡ್ಜ್ ಕೆಳಗೆ ಸಿಗುವ ಜಾಗ 49 ಮೀಟರ್. ಅದಕ್ಕಿಂತ ಎತ್ತರದ ಹಡಗು ಸೇತುವೆಯ ಆಚೆಯ ವೈಟ್ ಬೇಗೆ ಹೋಗಲಾರದು, ಸರ್ಕ್ಯುಲರ್ ಕೀಯಲ್ಲೇ ನಿಲ್ಲಬೇಕು. ಸರ್ಕ್ಯುಲರ್ ಕೀಗೆ ರೈಲು ಬಾಗಿಲ ತನಕ ಬರುತ್ತದೆ, ವೈಟ್ ಬೇಗೆ ರೈಲೇ ಇಲ್ಲ.

ಟರ್ಮಿನಲ್ ಹೆಸರು ಬೋರ್ಡಿಂಗ್ ಪಾಸಿನಲ್ಲಿರುತ್ತದೆ. ಅದಕ್ಕೂ ಮುಂಚೆ ತಿಳಿಯಬೇಕೆಂದರೆ ಆಯಾ ಬಂದರಿನ ವೆಬ್‌ಸೈಟಿನಲ್ಲಿ ಹಡಗುಗಳ ವೇಳಾಪಟ್ಟಿ ನೋಡಿ. ನಿಮ್ಮ ದಿನಾಂಕದ ಎದುರು ಹಡಗು, ಟರ್ಮಿನಲ್, ಹೊರಡುವ ಸಮಯ ಎಲ್ಲ ಸಿಗುತ್ತವೆ. ಅದೇ ದಿನ ಬೇರೆ ಎಷ್ಟು ಹಡಗುಗಳಿವೆ ಎಂಬುದನ್ನೂ ಅಲ್ಲೇ ಎಣಿಸಿಕೊಳ್ಳಿ. ಮೂರು ದೊಡ್ಡ ಹಡಗು ಒಟ್ಟಿಗೆ ಬಂದ ದಿನ ಇಳಿಯುವವರು, ಹತ್ತುವವರು ಸೇರಿ ಬೆಳಗಿನ ಹೊತ್ತು ಹತ್ತಿಪ್ಪತ್ತು ಸಾವಿರ ಜನ ಆ ರಸ್ತೆಯಲ್ಲಿರುತ್ತಾರೆ. ಎಂಟರಿಂದ ಹತ್ತರವರೆಗೆ ಟ್ಯಾಕ್ಸಿ ಸಿಗದೇ ಇರುವುದಕ್ಕೆ ಕಾರಣ ಇದೇ.

ಟರ್ಮಿನಲ್ ಸೇರಬೇಕಾದ ಅವಧಿ ಟಿಕೆಟ್‌ನಲ್ಲಿರುತ್ತದೆ. ಹಡಗು ಸಂಜೆ ನಾಲ್ಕಕ್ಕೋ ಐದಕ್ಕೋ ಹೊರಟರೂ ಚೆಕ್-ಇನ್ 60ರಿಂದ 90 ನಿಮಿಷ ಮೊದಲೇ ಮುಚ್ಚುತ್ತದೆ, ಕೆಲವು ಕಂಪನಿಗಳಲ್ಲಿ ಎರಡು ತಾಸು ಮೊದಲು. ಪ್ರಯಾಣಿಕರ ಅಂತಿಮ ಪಟ್ಟಿ ಅಧಿಕಾರಿಗಳಿಗೆ ಹೋದ ಮೇಲೆ ಹೆಸರು ಸೇರಿಸಲು ಬರುವುದಿಲ್ಲ. ತಪ್ಪಿಸಿಕೊಂಡವರು ಸ್ವಂತ ಖರ್ಚಿನಲ್ಲಿ ಮುಂದಿನ ಬಂದರಿಗೆ ಹೋಗಿ ಹತ್ತಬಹುದು ಎನ್ನುತ್ತಾರಲ್ಲ, ಅದು ಎಲ್ಲ ಕಡೆ ನಡೆಯುವುದಿಲ್ಲ. ಅಮೆರಿಕದಲ್ಲಿ 1886ರ ಒಂದು ಕಾನೂನು ಈಗಲೂ ಜಾರಿಯಲ್ಲಿದೆ: ವಿದೇಶಿ ಧ್ವಜದ ಹಡಗು ಒಂದು ಅಮೆರಿಕನ್ ಬಂದರಿನಲ್ಲಿ ಹತ್ತಿಸಿಕೊಂಡವರನ್ನು, ನಡುವೆ ದೂರದ ವಿದೇಶಿ ಬಂದರನ್ನು ಮುಟ್ಟದೆ, ಇನ್ನೊಂದು ಅಮೆರಿಕನ್ ಬಂದರಿನಲ್ಲಿ ಇಳಿಸುವಂತಿಲ್ಲ. ಸಿಯಾಟಲ್‌ನಲ್ಲಿ ಹಡಗು ತಪ್ಪಿದವರು ಅಲಾಸ್ಕಾದ ಜುನೋಗೆ ಹಾರಿ ಹೋದರೂ, ಅಲ್ಲಿ ಹತ್ತಿ ಕೊನೆಗೆ ಸಿಯಾಟಲ್‌ನಲ್ಲಿ ಇಳಿಯುವವರಾಗುತ್ತಾರೆ ಎಂಬ ಕಾರಣಕ್ಕೆ, ಹತ್ತಿಸಿಕೊಳ್ಳದೆ ಇರಬಹುದು. ಹಿಂದಿನ ದಿನವೇ ಬಂದು ಉಳಿಯುವ ಖರ್ಚು ಇಷ್ಟಕ್ಕೇ ಸಮರ್ಥನೀಯ.

ಎಷ್ಟು ರಾತ್ರಿ? ನೇರ ವಿಮಾನ, ಒಂದೇ ಖಂಡದೊಳಗೆ ಪ್ರಯಾಣ ಎಂದರೆ ಒಂದು ಸಾಕು. ಎರಡು ವಿಮಾನ ಬದಲಾಯಿಸಿ ಬರುವವರಿಗೆ ಎರಡು ರಾತ್ರಿ ಬೇಕೆಂದೇ ನನ್ನ ಮತ. ಆಯಾಸಕ್ಕಿಂತ ಮುಖ್ಯ ಕಾರಣ ಲಗೇಜು. ಕನೆಕ್ಷನ್‌ನಲ್ಲಿ ಹಿಂದುಳಿದ ಪೆಟ್ಟಿಗೆ ಸಾಮಾನ್ಯವಾಗಿ ಮುಂದಿನ ವಿಮಾನದಲ್ಲೋ ಮರುದಿನವೋ ಬರುತ್ತದೆ. ಎರಡು ರಾತ್ರಿ ಇದ್ದರೆ ಅದು ಹೋಟೆಲಿಗೇ ಬಂದು ಸೇರುತ್ತದೆ. ಒಂದೇ ರಾತ್ರಿಯಾದರೆ ಅದು ಹಡಗಿನ ಹಿಂದೆ ಬಂದರಿಂದ ಬಂದರಿಗೆ ಅಲೆಯುತ್ತದೆ.

ಇನ್ನು ಜಾಗ. ವಿಮಾನ ನಿಲ್ದಾಣದ ಪಕ್ಕ, ಊರ ನಡುವೆ, ಬಂದರಿನ ಹತ್ತಿರ ಎಂದು ಮೂರು ಆಯ್ಕೆಗಳು ಮೇಲ್ನೋಟಕ್ಕೆ ಕಾಣುತ್ತವೆ. ರಾತ್ರಿ ಒಂಬತ್ತರ ನಂತರ ಇಳಿಯುವ ವಿಮಾನವಿದ್ದರೆ ಮೊದಲನೆಯದನ್ನೇ ಹಿಡಿಯಿರಿ, ನಿದ್ದೆಗಿಂತ ದೊಡ್ಡ ಲಾಭ ಆ ಹೊತ್ತಿನಲ್ಲಿ ಬೇರೇನೂ ಇಲ್ಲ. ಬಂದರಿನ ಹತ್ತಿರದ್ದು ಹೆಸರಿಗೆ ಆಕರ್ಷಕ. ಆದರೆ ಸರಕು ಬಂದರಿನ ಬೇಲಿ, ಲಾರಿ ರಸ್ತೆ, ಸಂಜೆ ಆರಕ್ಕೆ ಮುಚ್ಚುವ ಅಂಗಡಿಗಳು, ಬಹುಪಾಲು ಬಂದರುಗಳ ಸುತ್ತ ಇರುವುದು ಇಷ್ಟೇ. ನನ್ನ ಮಟ್ಟಿಗೆ ಸರಿಯಾದ ಉತ್ತರ ನಾಲ್ಕನೆಯದು: ವಿಮಾನ ನಿಲ್ದಾಣದಿಂದ ಬರುವ ರೈಲೂ ಬಂದರಿಗೆ ಹೋಗುವ ರೈಲೂ ಎರಡೂ ನಿಲ್ಲುವ ಬಡಾವಣೆ.

ರೋಮ್‌ನಲ್ಲಿ ಅಂಥ ಜಾಗ ತ್ರಾಸ್ತೆವೆರೆ. ಫಿಯುಮಿಚಿನೋ ವಿಮಾನ ನಿಲ್ದಾಣದಿಂದ ಎಫ್‌ಎಲ್1 ಲೋಕಲ್ ರೈಲು ತ್ರಾಸ್ತೆವೆರೆ ನಿಲ್ದಾಣಕ್ಕೆ ಬರುತ್ತದೆ, ಚಿವಿಟಾವೆಕಿಯಾಕ್ಕೆ ಹೋಗುವ ಎಫ್‌ಎಲ್5 ಅಲ್ಲೇ ಸಿಗುತ್ತದೆ. ವ್ಯಾಟಿಕನ್ ಕಡೆ ಉಳಿಯುವವರಿಗೆ ಅದೇ ಮಾರ್ಗದ ಸಾನ್ ಪಿಯೆತ್ರೋ ನಿಲ್ದಾಣ. ಎಲ್ಲರೂ ರೋಮ್‌ನ ಮುಖ್ಯ ರೈಲು ನಿಲ್ದಾಣವಾದ ಟರ್ಮಿನಿ ಸುತ್ತಮುತ್ತ ರೂಮು ಮಾಡುತ್ತಾರೆ. ಆದರೆ ಲೋಕಲ್ ರೈಲುಗಳು ನಿಲ್ಲುವ ಪ್ಲಾಟ್‌ಫಾರಂ ಮುಖ್ಯ ದ್ವಾರದಿಂದ ಎಷ್ಟು ದೂರ ಎಂಬುದು ಎರಡು ಪೆಟ್ಟಿಗೆ ಎಳೆದವರಿಗೇ ಗೊತ್ತು. ಚಿವಿಟಾವೆಕಿಯಾದಲ್ಲಿ ಇಳಿದ ಮೇಲೂ ಹಡಗು ಎದುರಿಗಿರುವುದಿಲ್ಲ, ಲಾರ್ಗೋ ದೆಲ್ಲಾ ಪಾಚೆ ಎಂಬಲ್ಲಿಗೆ ಹೋಗಿ ಬಂದರಿನ ಬಸ್ಸು ಹಿಡಿಯಬೇಕು. ಇದಕ್ಕೆ ಅರ್ಧ ಗಂಟೆ ಬೇರೆ ಇಟ್ಟುಕೊಳ್ಳಿ.

ಅಥೆನ್ಸ್‌ನಲ್ಲಿ ಮೆಟ್ರೋ ಮೂರನೇ ಮಾರ್ಗ 2022ರಲ್ಲಿ ಪಿರೇಯಸ್ ಬಂದರಿನ ತನಕ ವಿಸ್ತರಣೆಯಾಯಿತು. ವಿಮಾನ ನಿಲ್ದಾಣ, ಊರ ನಡುವಿನ ಸಿಂಟಗ್ಮಾ, ಮೊನಾಸ್ತಿರಾಕಿ, ಪಿರೇಯಸ್ ಎಲ್ಲವೂ ಈಗ ಒಂದೇ ಮಾರ್ಗದಲ್ಲಿವೆ, ಹಾಗಾಗಿ ಪಿರೇಯಸ್‌ನಲ್ಲೇ ಉಳಿಯಲು ಕಾರಣ ಉಳಿದಿಲ್ಲ. ಒಂದು ಎಚ್ಚರ: ಮೆಟ್ರೋ ನಿಲ್ದಾಣ ಬಂದರಿನ ಒಂದು ಕಡೆ, ಕ್ರೂಸ್ ಗೇಟುಗಳಾದ ಇ11, ಇ12 ಇನ್ನೊಂದು ಕಡೆ. ಕೊನೆಯ ತುಂಡಿಗೆ ಟ್ಯಾಕ್ಸಿ ಮಾಡಿಕೊಳ್ಳುವುದು ಒಳ್ಳೆಯದು. ವ್ಯಾಂಕೂವರ್‌ನಲ್ಲಿ ತಲೆಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ. ಕೆನಡಾ ಲೈನ್ ರೈಲು ವಿಮಾನ ನಿಲ್ದಾಣದಿಂದ ಅರ್ಧ ಗಂಟೆಯೊಳಗೆ ವಾಟರ್‌ಫ್ರಂಟ್ ನಿಲ್ದಾಣಕ್ಕೆ ತರುತ್ತದೆ, ಕೆನಡಾ ಪ್ಲೇಸ್ ಟರ್ಮಿನಲ್ ಅದರ ಪಕ್ಕದಲ್ಲೇ.

ಬಾರ್ಸಿಲೋನಾದಲ್ಲಿ ಜನ ಮೋಸಹೋಗುವುದು ನಕ್ಷೆ ನೋಡಿ. ಲಾ ರಾಂಬ್ಲಾ ಬೀದಿಯ ಕೆಳತುದಿಯ ಕೊಲಂಬಸ್ ಕಂಬದ ಬಳಿ ರೂಮು ಮಾಡಿದರೆ ಹಡಗು ಕಣ್ಣಿಗೇ ಕಾಣುತ್ತದೆ. ಆದರೆ ದೊಡ್ಡ ಹಡಗುಗಳು ನಿಲ್ಲುವ ಮೋಲ್ ಅದೋಸ್ಸಾತ್ ಸೇತುವೆ ದಾಟಿದ ಆಚೆ ದಂಡೆಯಲ್ಲಿದೆ, ಪೆಟ್ಟಿಗೆ ಎಳೆದುಕೊಂಡು ನಡೆಯುವ ದಾರಿ ಅದಲ್ಲ. ಕಂಬದ ಬಳಿಯಿಂದಲೇ ಕ್ರೂಸ್ ಬಸ್ಸು ಹೊರಡುತ್ತದೆ ಎಂಬುದೇ ಅಲ್ಲಿ ಉಳಿಯುವುದರ ಲಾಭ. ಬುಕಿಂಗ್ ಆ್ಯಪ್‌ಗಳು ತೋರಿಸುವ ‘ಬಂದರಿಗೆ 1.2 ಕಿ.ಮೀ.’ ಬಹಳಷ್ಟು ಸಲ ಹಕ್ಕಿ ಹಾರುವ ದೂರ. ನಡುವೆ ನೀರಿರಬಹುದು, ಕಸ್ಟಮ್ಸ್ ಬೇಲಿ ಇರಬಹುದು. ನಕ್ಷೆಯಲ್ಲಿ ಹೋಟೆಲಿನ ಬಾಗಿಲಿನಿಂದ ಟರ್ಮಿನಲ್ ಬಾಗಿಲಿಗೆ ದಾರಿ ಹಾಕಿ ನೋಡಿ, ಅದೂ ನೀವು ಹೊರಡುವ ವಾರದ ದಿನ, ಹೊರಡುವ ಗಂಟೆಗೆ. ಸೌತಾಂಪ್ಟನ್‌ನಲ್ಲೂ ಇದೇ ಪಾಠ: ಓಷನ್ ಮತ್ತು ಕ್ಯೂಇ2 ಟರ್ಮಿನಲ್‌ಗಳಿಗೆ 4ನೇ ಗೇಟು, ಮೇಫ್ಲವರ್‌ಗೆ 10ನೇ ಗೇಟು, ಎರಡೂ ಊರಿನ ಎರಡು ಬದಿ. ಸೆಂಟ್ರಲ್ ರೈಲು ನಿಲ್ದಾಣಕ್ಕೆ ಹತ್ತಿರವಿರುವುದು ಪಶ್ಚಿಮದ ಟರ್ಮಿನಲ್‌ಗಳು. ಲಂಡನ್‌ನ ವಾಟರ್‌ಲೂದಿಂದ ಅಲ್ಲಿಗೆ ರೈಲಿನಲ್ಲಿ ಒಂದೂಕಾಲು ಗಂಟೆಯ ಆಸುಪಾಸು. ಆದರೆ ಭಾನುವಾರ ಹಳಿ ದುರಸ್ತಿ ಎಂದು ರೈಲು ನಿಲ್ಲಿಸಿ ಬಸ್ಸು ಬಿಡುವುದು ಬ್ರಿಟನ್‌ನಲ್ಲಿ ಮಾಮೂಲು. ಭಾನುವಾರದ ಹಡಗಾದರೆ ಲಂಡನ್‌ನಲ್ಲಿ ಎಷ್ಟು ದಿನ ಬೇಕಾದರೂ ಸುತ್ತಿ, ಕೊನೆಯ ರಾತ್ರಿ ಮಾತ್ರ ಸೌತಾಂಪ್ಟನ್‌ನಲ್ಲಿ ಕಳೆಯಿರಿ.

ಶಟಲ್, ಅಂದರೆ ಹೋಟೆಲಿನಿಂದ ಹೋಗಿ ಬರುವ ವ್ಯಾನಿನ ಬಗ್ಗೆ ನಾಲ್ಕು ಮಾತು ಹೆಚ್ಚೇ ಹೇಳಬೇಕು. ‘ಉಚಿತ ಶಟಲ್’ ಎಂದು ಹೋಟೆಲ್ ಬರೆದಿದ್ದರೆ ಅದು ಹೆಚ್ಚಾಗಿ ವಿಮಾನ ನಿಲ್ದಾಣದ್ದು. ಬಂದರಿನ ಶಟಲ್ ಇದ್ದರೂ ಸಾಮಾನ್ಯವಾಗಿ ತಲೆಗಿಷ್ಟು ಎಂದು ದುಡ್ಡು, ಮತ್ತು ಹಿಂದಿನ ಸಂಜೆಯೇ ರಿಸೆಪ್ಷನ್‌ನಲ್ಲಿ ಹೆಸರು ಬರೆಸಬೇಕು. ಫೋರ್ಟ್ ಲಾಡರ್‌ಡೇಲ್‌ನಂಥ ಕಡೆ, ವಿಮಾನ ನಿಲ್ದಾಣಕ್ಕೂ ಅಲ್ಲಿನ ಬಂದರಾದ ಪೋರ್ಟ್ ಎವರ್‌ಗ್ಲೇಡ್ಸ್‌ಗೂ ನಡುವೆ ಕೆಲವೇ ಕಿಲೋಮೀಟರ್ ಇರುವಾಗ, ನಾಲ್ಕು ಜನರ ಶಟಲ್ ದುಡ್ಡಿಗಿಂತ ಟ್ಯಾಕ್ಸಿಯೇ ಅಗ್ಗ. ಹೋಟೆಲಿಗೆ ಫೋನ್ ಮಾಡಿ ಕೇಳಬೇಕಾದದ್ದು: ಯಾವ ಟರ್ಮಿನಲ್‌ಗೆ ಹೋಗುತ್ತದೆ, ಎಷ್ಟು ಹೊತ್ತಿಗೆ, ಸೀಟು ಎಷ್ಟು, ತುಂಬಿದರೆ ಏನು ಮಾಡುತ್ತೀರಿ. ಕೊನೆಯ ಪ್ರಶ್ನೆಗೆ ‘ಇನ್ನೊಂದು ಟ್ರಿಪ್ ಹಾಕುತ್ತೇವೆ’ ಎಂದರೆ ಸರಿ, ‘ಹಾಗೇನೂ ಆಗುವುದಿಲ್ಲ’ ಎಂದರೆ ಟ್ಯಾಕ್ಸಿ ಬುಕ್ ಮಾಡಿಡಿ. ನಾಲ್ಕು ಜನ, ನಾಲ್ಕು ದೊಡ್ಡ ಪೆಟ್ಟಿಗೆ ಒಂದು ಸಾದಾ ಕಾರಿಗೆ ಹಿಡಿಸುವುದಿಲ್ಲ, ಆರು ಸೀಟಿನದು ಕೇಳಿ.

ಹೋಟೆಲ್ ಬಿಡುವ ಸಮಯಕ್ಕೂ ಹಡಗು ಹತ್ತುವ ಸಮಯಕ್ಕೂ ಹೊಂದಾಣಿಕೆ ಇದೆಯೇ ನೋಡಿಕೊಳ್ಳಿ. ಚೆಕ್-ಔಟ್ 11 ಅಥವಾ 12ಕ್ಕೆ. ನಿಮಗೆ ಸಿಕ್ಕ ಬೋರ್ಡಿಂಗ್ ಸಮಯ 11.30 ಆದರೆ ಬೆಳಗಿನ ತಿಂಡಿ ಮುಗಿಸಿ ನೇರ ಹೋಗಬಹುದು. 2.30 ಸಿಕ್ಕಿದ್ದರೆ ನಡುವಿನ ಮೂರು ತಾಸು ಪೆಟ್ಟಿಗೆಗಳನ್ನು ಎಲ್ಲಿ ಇಡುವುದು? ಲಗೇಜ್ ಕೋಣೆ ಇರುವ, ರಿಸೆಪ್ಷನ್‌ನಲ್ಲಿ ಸದಾ ಜನ ಇರುವ ಹೋಟೆಲ್ ಬೇಕಾಗುವುದು ಇಲ್ಲೇ. ಬಾಗಿಲ ಕೋಡ್ ಕಳಿಸಿ ಕೈತೊಳೆದುಕೊಳ್ಳುವ ಅಪಾರ್ಟ್‌ಮೆಂಟುಗಳು ವಾರಗಟ್ಟಲೆ ಇರುವವರಿಗೆ ಚೆನ್ನ, ಈ ಒಂದು ರಾತ್ರಿಗೆ ಬೇಡ. ಕೋಡ್ ಕೆಲಸ ಮಾಡದೆ ಹೋದರೆ ನಡುರಾತ್ರಿ ಕೇಳಲು ಯಾರೂ ಇರುವುದಿಲ್ಲ.

ಯುರೋಪಿನ ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇದೆ ಎಂದಷ್ಟೇ ಓದಿ ಸುಮ್ಮನಾಗಬೇಡಿ. ಲಿಫ್ಟ್ ಮುಟ್ಟಲು ಹತ್ತು ಮೆಟ್ಟಿಲು ಇರಬಹುದು, ಒಳಗೆ ಇಬ್ಬರು ನಿಂತರೆ ಪೆಟ್ಟಿಗೆಗೆ ಜಾಗ ಇರಲಿಕ್ಕಿಲ್ಲ. ವೆನಿಸ್‌ನ ದ್ವೀಪದೊಳಗೆ ಹೋಟೆಲ್ ಮಾಡುವವರು ಬಸ್ಸು, ಟ್ಯಾಕ್ಸಿ ಬರುವ ಕೊನೆಯ ಜಾಗವಾದ ಪಿಯಾಜ಼ಾಲೆ ರೋಮಾದಿಂದ ಬಾಗಿಲ ತನಕ ಎಷ್ಟು ಸೇತುವೆ ಎಂದು ಎಣಿಸಬೇಕು, ಪ್ರತಿ ಸೇತುವೆಗೂ ಹತ್ತಿಳಿಯುವ ಮೆಟ್ಟಿಲು. ಗಾಲಿಕುರ್ಚಿ ಬಳಸುವವರಿದ್ದರೆ ರಸ್ತೆಯಿಂದ ಮಂಚದ ತನಕ ಒಂದೂ ಮೆಟ್ಟಿಲಿಲ್ಲ ಎಂದು ಹೋಟೆಲಿನಿಂದ ಇಮೇಲ್‌ನಲ್ಲೇ ಬರೆಸಿಕೊಳ್ಳಿ.

ಬುಕಿಂಗ್‌ನಲ್ಲಿ ಹೆಚ್ಚು ಜನ ಎಡವುವುದು ತಾರೀಖಿನಲ್ಲಿ. ವಿಮಾನ 15ನೇ ತಾರೀಖು ರಾತ್ರಿ 1 ಗಂಟೆಗೆ ಇಳಿಯುವುದಾದರೆ ರೂಮು ಬೇಕಾದದ್ದು 14ರ ರಾತ್ರಿಗೆ. 15ಕ್ಕೆ ಮಾಡಿದರೆ ಮಧ್ಯಾಹ್ನ ಮೂರರವರೆಗೆ ರೂಮಿಲ್ಲ. 14ಕ್ಕೆ ಮಾಡಿದ್ದೀರಿ ಎಂದರೆ ಹೋಟೆಲಿಗೆ ‘ಮಧ್ಯರಾತ್ರಿ ಕಳೆದು ಬರುತ್ತೇವೆ’ ಎಂದು ಬರೆದು, ಉತ್ತರ ತರಿಸಿಕೊಳ್ಳಿ. ಮೊದಲ ರಾತ್ರಿ ಬಾರದವರ ಇಡೀ ಬುಕಿಂಗ್ ರದ್ದು ಮಾಡುವ ಹೋಟೆಲ್‌ಗಳಿವೆ. ಉಚಿತ ರದ್ದತಿಯ ಗಡುವು ಹೋಟೆಲ್ ಇರುವ ಊರಿನ ಗಡಿಯಾರದ್ದು, ನಿಮ್ಮದಲ್ಲ. ಹಡಗಿನ ಕಂಪನಿ ಹೊರಡುವ ಬಂದರನ್ನೇ ಬದಲಿಸುವುದೂ ಉಂಟು, ಹಾಗಾಗಿ ಸ್ವಲ್ಪ ಹೆಚ್ಚು ಕೊಟ್ಟಾದರೂ ರದ್ದು ಮಾಡಬಹುದಾದ ದರವನ್ನೇ ಹಿಡಿಯುವುದು ಜಾಣತನ. ಕ್ರೂಸ್ ಕಂಪನಿಯೇ ಮಾರುವ ಹೋಟೆಲ್ ಪ್ಯಾಕೇಜು ದುಬಾರಿ. ಆದರೆ ಬಂದರು ಬದಲಾದರೆ ತಲೆನೋವು ಅವರದು, ಪೆಟ್ಟಿಗೆ ಸಾಗಿಸುವುದೂ ಬಹುತೇಕ ಅದರಲ್ಲೇ ಸೇರಿರುತ್ತದೆ. ವಯಸ್ಸಾದವರು, ಮೊದಲ ಸಲ ಹೋಗುವವರು ಅದಕ್ಕೆ ದುಡ್ಡು ಕೊಟ್ಟರೆ ತಪ್ಪೇನಿಲ್ಲ. ಕಾರಿನಲ್ಲಿ ಬರುವವರಿಗೆ ರೂಮಿನ ಜೊತೆ ಕ್ರೂಸ್ ಮುಗಿಯುವ ತನಕ ಪಾರ್ಕಿಂಗ್ ಕೊಡುವ ಹೋಟೆಲ್‌ಗಳಿವೆ. ಕಾರು ನಿಲ್ಲುವುದು ಹೋಟೆಲಿನ ಆವರಣದಲ್ಲೋ ಬೇರೆಯವರ ಬಯಲಿನಲ್ಲೋ, ಹಿಂದಿರುಗುವಾಗಲೂ ಶಟಲ್ ಸಿಗುತ್ತದೆಯೋ ಎಂದು ಕೇಳಿಕೊಳ್ಳಿ.

ದರ ಒಮ್ಮೆಲೇ ಎರಡು ಮೂರು ಪಟ್ಟು ಕಂಡರೆ ಆ ವಾರ ಊರಲ್ಲಿ ಏನೋ ಇದೆ ಎಂದರ್ಥ. ಬಾರ್ಸಿಲೋನಾದಲ್ಲಿ ಫೆಬ್ರವರಿ ಕೊನೆ, ಮಾರ್ಚ್ ಮೊದಲಿಗೆ ಮೊಬೈಲ್ ವರ್ಲ್ಡ್ ಕಾಂಗ್ರೆಸ್ ಎಂಬ ಮೊಬೈಲ್ ಉದ್ಯಮದ ಮೇಳ ನಡೆಯುವಾಗ ಹೀಗಾಗುತ್ತದೆ. ಭಾನುವಾರದ ಮ್ಯಾರಥಾನ್ ದರ ಏರಿಸುವುದಷ್ಟೇ ಅಲ್ಲ, ಬಂದರಿನ ರಸ್ತೆಯನ್ನೂ ಮುಚ್ಚಿಸಬಲ್ಲದು. ಯುರೋಪಿನ ಬಹಳಷ್ಟು ಊರುಗಳಲ್ಲಿ ತಲೆಗೆ, ರಾತ್ರಿಗೆ ಇಷ್ಟು ಎಂದು ನಗರ ತೆರಿಗೆ ಹೋಟೆಲಿನಲ್ಲೇ ಪ್ರತ್ಯೇಕ ಕಟ್ಟಬೇಕು. ಠೇವಣಿಗೆ ಡೆಬಿಟ್ ಕಾರ್ಡ್ ಕೊಟ್ಟರೆ ಆ ಹಣ ಕೆಲವು ದಿನ ಸಿಕ್ಕಿಹಾಕಿಕೊಂಡಿರುತ್ತದೆ, ಕ್ರೆಡಿಟ್ ಕಾರ್ಡೇ ವಾಸಿ.

ಬಹಳಷ್ಟು ಹಡಗುಗಳಲ್ಲಿ ಬೆಂಕಿಯ ಭಯಕ್ಕೆ ಇಸ್ತ್ರಿಪೆಟ್ಟಿಗೆ ತರಲು ಬಿಡುವುದಿಲ್ಲ, ಹಾಗಾಗಿ ರೂಮಿನಲ್ಲಿ ಇಸ್ತ್ರಿ ಇರುವ ಹೋಟೆಲ್ ಸಿಕ್ಕರೆ ಮೊದಲ ಸಂಜೆಯ ಬಟ್ಟೆಯನ್ನು ಅಲ್ಲೇ ಮುಗಿಸಿಕೊಳ್ಳಿ. ಹಡಗಿನ ಲಗೇಜ್ ಚೀಟಿಗಳನ್ನು ಮನೆಯಿಂದಲೇ ಪ್ರಿಂಟ್ ಮಾಡಿ ತನ್ನಿ, ಆದರೆ ಪೆಟ್ಟಿಗೆಗೆ ಸಿಕ್ಕಿಸುವುದು ಹೋಟೆಲ್ ಬಿಡುವ ಬೆಳಿಗ್ಗೆ. ವಿಮಾನದ ಬೆಲ್ಟ್‌ಗಳಲ್ಲಿ ಕಾಗದದ ಚೀಟಿ ಉಳಿಯುವುದಿಲ್ಲ. ಸ್ಟೇಪ್ಲರ್ ರಿಸೆಪ್ಷನ್‌ನಲ್ಲಿ ಸಿಗುತ್ತದೆ. ಪಾಸ್‌ಪೋರ್ಟ್, ಔಷಧಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ, ಏಕೆಂದರೆ ಟರ್ಮಿನಲ್‌ನಲ್ಲಿ ಕೂಲಿಯವರ ಕೈಗೆ ಹೋದ ಪೆಟ್ಟಿಗೆ ಹಡಗಿನ ಕೋಣೆ ಸೇರುವಾಗ ಸಂಜೆಯಾಗಿರುತ್ತದೆ.