40 ಸೆಕೆಂಡಿಗೆ ಹಾಕಿದ ಕತ್ತರಿ

ಹಾವೇರಿ ಜಿಲ್ಲೆಯ ಒಂದು ಸಣ್ಣ ಸಮುದಾಯ ಬಾನುಲಿಯಲ್ಲಿ ನನ್ನ ಕೆಲಸ. ರೆಕಾರ್ಡಿಂಗ್, ಎಡಿಟಿಂಗ್, ಜಾಹೀರಾತಿನ ವಸೂಲಿ ಎಲ್ಲಾ ನಾನೇ ಮಾಡುತ್ತಿದ್ದೆ. ಕೊನೆಯ ಎರಡು ಕೆಲಸ ಒಬ್ಬರ ಕೈಯಲ್ಲೇ ಇರಬಾರದು ಅಂತ ಗೊತ್ತಾಗಿದ್ದು ತಡವಾಗಿ.

ಬ್ಯಾಡಗಿ ಕಡೆಯ ರೈತರೊಬ್ಬರ ಜೊತೆ ಮೆಣಸಿನಕಾಯಿ ಬೆಳೆ ಬಗ್ಗೆ ಮಾತುಕತೆ ರೆಕಾರ್ಡ್ ಮಾಡಿದ್ದೆ. ಬದುವಿನ ಮೇಲೆ ಕೂತಿದ್ದೆವು. ಮುದುಡಿದ ಎಲೆಯೊಂದನ್ನು ಕಿತ್ತು ಮೈಕಿನ ಮುಂದೆ ಹಿಡಿದರು. ರೇಡಿಯೋದಲ್ಲಿ ಕಾಣುವುದಿಲ್ಲ ಅನ್ನೋದು ಇಬ್ಬರಿಗೂ ಹೊಳೆಯಲಿಲ್ಲ. "ಮೂರು ಸಲ ಎಣ್ಣಿ ಹೊಡದೇನ್ರಿ. ಅಂಗಡಿಯವರು ಹೇಳಿದ್ದ ಎಣ್ಣಿ. ಏನೂ ಉಪಯೋಗ ಆಗಲಿಲ್ಲ" ಅಂದರು. ಅಂಗಡಿಯ ಹೆಸರನ್ನೂ ಹೇಳಿದರು.

ಆ ಕೀಟನಾಶಕದ ಅಂಗಡಿಯೇ ನಮ್ಮ ದೊಡ್ಡ ಜಾಹೀರಾತುದಾರ. ಆ ತಿಂಗಳ ಕರೆಂಟ್ ಬಿಲ್ ಕಟ್ಟಿದ್ದೇ ಅವರ ದುಡ್ಡಿನಲ್ಲಿ. ಸರಿಯಾದ ದಾರಿ ಅಂದರೆ ಅಂಗಡಿಯವರನ್ನೂ ಕೇಳಿ ಇಬ್ಬರ ಮಾತನ್ನೂ ಹಾಕುವುದು. ನಾನು ಸುಮ್ನೆ 40 ಸೆಕೆಂಡ್ ಕತ್ತರಿಸಿದೆ. ನನಗೆ ಯಾರೂ ಹೇಳಿರಲಿಲ್ಲ, ಅಂಗಡಿಯವರು ಫೋನೂ ಮಾಡಿರಲಿಲ್ಲ. ರೈತರ ಕೆಮ್ಮಿನ ಹತ್ತಿರ ಜೋಡಿಸಿದ್ದೆ, ಜೋಡಣೆ ಗೊತ್ತೇ ಆಗುತ್ತಿರಲಿಲ್ಲ.

ವಾರ ಕಳೆದು ಸಂತೆಯಲ್ಲಿ ಸಿಕ್ಕರು. "ಅಲ್ರೀ, ಮನಿಮಂದಿ ಎಲ್ಲಾ ಕೂತು ಕೇಳಿದ್ವಿ. ನನ್ನ ಕೆಮ್ಮು ಬಂತು, ಮಾತು ಬರಲಿಲ್ಲ" ಅಂದರು. ಸಿಟ್ಟು ಮಾಡಿದ್ದರೆ ಚೆನ್ನಾಗಿರುತ್ತಿತ್ತು.

ಅವತ್ತಿನಿಂದ ರೇಡಿಯೋಗೆ ಯಾರು ದುಡ್ಡು ಕೊಡಬೇಕು ಅನ್ನೋದು ತಲೆಯಲ್ಲಿ ಕೂತುಬಿಟ್ಟಿತು. ನಮ್ಮಪ್ಪನ ಟ್ರಂಕಿನಲ್ಲಿ ಹಳೇ ರೇಡಿಯೋ ಲೈಸೆನ್ಸ್ ಪುಸ್ತಕ ಇದೆ. ಮನೆಯಲ್ಲಿ ರೇಡಿಯೋ ಇಟ್ಟವರು ವರ್ಷಕ್ಕೆ 15 ರೂಪಾಯಿ ಪೋಸ್ಟ್ ಆಫೀಸಿನಲ್ಲಿ ಕಟ್ಟಬೇಕಿತ್ತು. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯನ್ನು ಅಪ್ಪ "ನಮ್ಮ ರೇಡಿಯೋ" ಅನ್ನುತ್ತಿದ್ದರು. ಹಾಡು ತಪ್ಪಿದರೆ ಕಾರ್ಡು ಬರೆಯುತ್ತಿದ್ದರು, ರೊಕ್ಕ ಕಟ್ಟೀವಿ ಅನ್ನೋ ಗತ್ತು. ಆ ಲೈಸೆನ್ಸ್ 1980ರ ದಶಕದಲ್ಲಿ ಹೋಯಿತು. ಹಾಗಂತ ಅದನ್ನೇ ಮತ್ತೆ ತರೋಣ ಅಂದರೆ ನಾನು ಒಪ್ಪಲ್ಲ. 1927ರಲ್ಲಿ ಮುಂಬೈಯಲ್ಲಿ ಶುರುವಾದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಗೂ 10 ರೂಪಾಯಿ ಲೈಸೆನ್ಸಿನ ಪಾಲು ಸಿಗುತ್ತಿತ್ತು. ಕಟ್ಟುವವರೇ ಕಡಿಮೆ, 1930ಕ್ಕೆ ಬಾಗಿಲು ಹಾಕಿತು.

ಸರ್ಕಾರ ಕೊಡಲಿ ಅಂತೀರಾ? ಆಕಾಶವಾಣಿ, ದೂರದರ್ಶನ ನಡೆಸುವ ಪ್ರಸಾರ ಭಾರತಿಗೆ ಕಾಯ್ದೆ ಬಂದಿದ್ದು 1990ರಲ್ಲಿ, ಜಾರಿಯಾಗಿದ್ದು 1997ರಲ್ಲಿ. ಹೆಸರಿಗೆ ಸ್ವಾಯತ್ತ, ಸಂಬಳ ಮಾತ್ರ ಕೇಂದ್ರದ ಅನುದಾನದಿಂದಲೇ. ನಮ್ಮಂಥ ಕೇಂದ್ರಗಳಿಗೆ 2024ರಿಂದ ಗಂಟೆಗೆ 12 ನಿಮಿಷ ಜಾಹೀರಾತು ಹಾಕಲು ಅವಕಾಶ ಇದೆ. ಸರ್ಕಾರಿ ಜಾಹೀರಾತಿಗೆ 10 ಸೆಕೆಂಡಿಗೆ 74 ರೂಪಾಯಿ. ಪೂರ್ತಿ ತುಂಬಿದರೆ ಗಂಟೆಗೆ 5328. ಕ್ಯಾಲ್ಕುಲೇಟರ್ ಮೇಲೆ ನೋಡಲು ಚಂದ. ನಮಗೆ ಇಡೀ ದಿನ ಸೇರಿಸಿದರೂ 12 ನಿಮಿಷ ತುಂಬಲ್ಲ. ಬಿಲ್ ಕಳಿಸಿದ ಮೇಲೆ ಕಾಯುವುದು ಬೇರೆ.

ನನ್ನ ಪ್ರಕಾರ ಎಲ್ಲರ ಹತ್ತಿರವೂ ತಗೊಳ್ಳಬೇಕು. ಆದರೆ ಯಾರೇ ನಿಲ್ಲಿಸಿದರೂ ಕರೆಂಟ್ ಹೋಗಬಾರದು, ಅಷ್ಟೇ. ಈಗ ನಮ್ಮಲ್ಲಿ ಒಬ್ಬರೇ ಜಾಹೀರಾತುದಾರರಿಂದ ತಿಂಗಳ ಆದಾಯದ ಐದನೇ ಒಂದು ಭಾಗಕ್ಕಿಂತ ಜಾಸ್ತಿ ತಗೊಳ್ಳಲ್ಲ. ವಸೂಲಿಗೆ ಹೋಗುವವರು ಎಡಿಟಿಂಗ್ ಮುಟ್ಟಲ್ಲ. ಇದರಿಂದ ಎರಡು ತಿಂಗಳು ನನ್ನ ಸಂಬಳ ತಡವಾಯಿತು, ಮನೆಯಲ್ಲಿ ಬೈಸಿಕೊಂಡೆ.

ಜಾತ್ರೆಯಲ್ಲಿ ರಸೀದಿ ಪುಸ್ತಕ ಹಿಡಿದು ನಿಲ್ಲುವುದೂ ಶುರು ಮಾಡಿದೆವು, ಒಬ್ಬರಿಗೆ 101 ರೂಪಾಯಿ. ಮೊದಲ ದಿನ ಹೆಚ್ಚಿನವರು ಗಣಪತಿ ಚಂದಾಪಟ್ಟಿ ಅಂದುಕೊಂಡು ದಾರಿ ಬದಲಿಸಿ ಹೋದರು. ಸಂಜೆ ಆ ರೈತರು ಬಂದರು. ಕೈಯಲ್ಲಿ ಚೀಲ. "ರೊಕ್ಕ ಇಲ್ರಿ ಈಗ. ಮೆಣಸಿನಕಾಯಿ ಐತಿ, ಬರ್ಕೋರಿ."

ಎರಡು ಕಿಲೋ ಇತ್ತು. ರಸೀದಿ ಬರೆದುಕೊಟ್ಟೆ. ಇದನ್ನು ಯಾವ ಖಾತೆಗೆ ಹಾಕಬೇಕು ಅಂತ ನಮ್ಮ ಲೆಕ್ಕದವರು ಇನ್ನೂ ಕೇಳ್ತಾನೇ ಇದ್ದಾರೆ.